ಕಟ್ಟದ ಯಂತ್ರಕ್ಕಾಗಿ ಜಗಳ

ಸಂಸ್ಥೆಯಲ್ಲಿ ಎಲ್ಲರೂ ಆಕೆಯನ್ನು ಜರಡಿ ಮೇಡಂ ಎಂದೇ ಕರೆಯುತ್ತಿದ್ದರು. ಮುಂದೆಂದೋ ಕಟ್ಟಲಿರುವ ಭಾರೀ ಯಂತ್ರವೊಂದರಲ್ಲಿ ಕಣಗಳು ಡಿಕ್ಕಿ ಹೊಡೆದು ಚೂರಾಗುತ್ತವೆ. ಆ ರಾಶಿಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಎಂಬ ನಿಯಮ ಬರೆಯುವುದು ಆಕೆಯ ಕೆಲಸ. ಕೋಟಿಗೊಮ್ಮೆ ಒಂದು ಕಣ ತೀರ ಅಪರೂಪದ ರೀತಿಯಲ್ಲಿ ಒಡೆಯುತ್ತದೆ. ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಸಲ ಹಾಗೆ ಒಡೆದರೆ, ಈವರೆಗೆ ಯಾರಿಗೂ ಗೊತ್ತಿಲ್ಲದ ಇನ್ನೇನೋ ಅದರ ಹಿಂದೆ ಕೈಯಾಡಿಸುತ್ತಿದೆ ಎಂದರ್ಥ. ಆ ಒಂದರ ಬೆನ್ನು ಹತ್ತಿಯೇ ಆಕೆಯ ಕೂದಲು ಬೆಳ್ಳಗಾಗಿತ್ತು.

ಅಂದಿನ ಸಭೆಯಲ್ಲಿ ತಂಡದ ಮುಖ್ಯಸ್ಥರು ಯಂತ್ರದ ಹೊಸ ವಿನ್ಯಾಸದ ವರದಿ ತೋರಿಸಿದರು. ಆಕೆ ಬರೆದ ನಿಯಮ ಅದರಲ್ಲಿರಲಿಲ್ಲ.

"ಸರ್, ನನ್ನದೆಲ್ಲಿ ಹೋಯ್ತು?"

"ಡೇಟಾ ಉಳಿಸೋಕೆ ಜಾಗ ಸಾಲಲ್ಲ ಮೇಡಂ. ಇಷ್ಟು ವರ್ಷ ಹಳೇ ಯಂತ್ರಗಳಲ್ಲಿ ಹುಡುಕಿದ್ವಿ, ಏನೂ ಸಿಕ್ಕಿಲ್ಲ. ಯಂತ್ರ ಶುರುವಾಗೋ ಹೊತ್ತಿಗೆ ನೀವೂ ರಿಟೈರ್ ಆಗಿರ್ತೀರಿ. ಯಾಕೆ ತಲೆ ಕೆಡಿಸ್ಕೋತೀರಿ?"

ಯಾರೋ ಕಿಸಕ್ಕನೆ ನಕ್ಕರು. ಆಕೆಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು. ಕಣ ಒಡೆಯುವುದಕ್ಕೂ ತನ್ನ ವಯಸ್ಸಿಗೂ ಏನು ನಂಟು?

"ಸಿಕ್ಕಿಲ್ಲ ಅನ್ನೋಕೆ ಮೊದಲು ನೋಡಿರಬೇಕು ಸರ್. ಎಸೆದದ್ದು ವಾಪಸ್ ಬರಲ್ಲ. ಕಣ್ಣು ಮುಚ್ಚಿಕೊಂಡು ಕತ್ತಲೆ ಅಂದ್ರೆ ಹೇಗೆ? ಈ ವರದಿಯಲ್ಲಿ ನನ್ನ ಹೆಸರು ಬೇಡ."

ಆ ಸಂಜೆ ಮನೆಯಲ್ಲಿ ಆಕೆ ಪಾತ್ರೆ ಕುಕ್ಕುವ ಸದ್ದು ಕೇಳಿ ಅಮ್ಮ ಅಡುಗೆಮನೆಗೆ ಬಂದರು. ಮಗಳು ಎಲ್ಲ ಹೇಳಿಕೊಂಡಳು.

"ಆ ಯಂತ್ರ ಎಲ್ಲಿದೆಯೇ?"

"ಇನ್ನೂ ಗುಂಡಿಯೂ ತೋಡಿಲ್ಲಮ್ಮ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ಕಂಡಿದ್ದೆ. ಕುಲಾವಿಗೆ ಹೊಡೆದಾಡೋರನ್ನ ಇವತ್ತೇ ಕಂಡಿದ್ದು."

ಮಗಳಿಗೆ ನಗು ಬಂತು, ಸಿಟ್ಟು ಇಳಿಯಲಿಲ್ಲ. "ಈಗ ಬಿಟ್ಟರೆ ಆಮೇಲೆ ಸೇರಿಸೋಕೆ ಬಿಡಲ್ಲಮ್ಮ."

ವಾರದೊಳಗೆ ಇನ್ನಿಬ್ಬರು ತಮ್ಮ ಹೆಸರು ಹಿಂದಕ್ಕೆ ಪಡೆದರು. ಅವರಲ್ಲೊಬ್ಬಳು ಸಭೆಯಲ್ಲಿ ನಕ್ಕವಳೇ. ಮುಖ್ಯಸ್ಥರು ಜರಡಿ ಮೇಡಂ ಕೋಣೆಗೆ ಬಂದು, ಕೂರದೆ ಬಾಗಿಲಲ್ಲೇ ನಿಂತರು.

"ಸ್ವಲ್ಪ ಜಾಗ ಕೊಡೋಣ ಮೇಡಂ, ನಿಮ್ಮ ಸಮಾಧಾನಕ್ಕೆ."

"ನನ್ನ ಸಮಾಧಾನಕ್ಕಾದ್ರೆ ಬೇಡ ಸರ್. ಹುಡುಕೋಕೆ ಕಾರಣ ಇದೆ ಅಂತ ವರದಿಯಲ್ಲೇ ಬರೀರಿ."

ಅವರ ಮುಖ ಕೆಂಪಾಯಿತು. ಆದರೂ ಬರೆದರು. ನಿಯಮ ವರದಿಗೆ ಮರಳಿತು, ಕೇಳಿದ ಜಾಗದಲ್ಲಿ ಅರ್ಧ ಪಾಲಿನೊಂದಿಗೆ. ಕಾರಿಡಾರಿನಲ್ಲಿ ಸಿಕ್ಕವರೆಲ್ಲ ಕೈಕುಲುಕಿದರು. ಆಕೆ ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ. ತನ್ನ ಮನೆಯ ಅನ್ನವನ್ನು ತಾನೇ ಬೇಡಿ ಉಂಡಂತಾಗಿತ್ತು. ಉಳಿದ ಅರ್ಧವನ್ನು ಕಿತ್ತುಕೊಳ್ಳಲು ಮರುದಿನವೇ ಮುಖ್ಯಸ್ಥರ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಳು.