ಕಲ್ಲಿನ ಬಾಲ

ನಾನು ಶಾಲೆ ಬಿಟ್ಟದ್ದು ೧೯೭೮ರಲ್ಲಿ, ಏಳನೇ ತರಗತಿಯ ಅರ್ಧದಲ್ಲಿ. ಪುಸ್ತಕದ ತೂಕ ನನಗೆ ಹೇಳಬರುವುದಿಲ್ಲ. ಕಲ್ಲಿನದಾದರೆ ಕಣ್ಣಳತೆಯಲ್ಲೇ ಹೇಳಿಯೇನು. ಇವತ್ತು ಬೆಳಿಗ್ಗೆ ಮಗಳು ತನ್ನ ದಪ್ಪ ಪುಸ್ತಕಗಳನ್ನು ಮೇಜಿನ ಅಂಚಿನಲ್ಲಿ ಒಂದಕ್ಕಿಂತ ಒಂದು ಮುಂದೆ ಚಾಚುವಂತೆ ಪೇರಿಸಿದ್ದಳು. ನಾನು ಚಹಾ ಚೆಲ್ಲಿಕೊಂಡು ಓಡಿಹೋಗಿ ಅವುಗಳ ಕೆಳಗೆ ಕೈ ಒಡ್ಡಿದೆ. "ರಿಲ್ಯಾಕ್ಸ್ ಡ್ಯಾಡ್, ಇಟ್ಸ್ ಫೈನ್," ಅಂದಳು. ಅವಳಿಗೆ ಡೊನಾಲ್ ಗೊತ್ತಿಲ್ಲ ನೋಡಿ.

ಡೊನಾಲ್ ಐರ್ಲೆಂಡಿನ ಪಶ್ಚಿಮ ತುದಿಯವರು. ಲಂಡನ್ನಿನ ರಸ್ತೆ ಅಗೆದು, ಗೋಡೆ ಕಟ್ಟಿ ಮುದುಕರಾದವರು. ನಾನು ಕುಂದಾಪುರದ ಕಡೆಯ, ಕೆಂಪು ಮುರಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ; ಲಂಡನ್ನಿಗೆ ಬಂದು ವೆಂಬ್ಲಿಯ ಹೋಟೆಲಿನಲ್ಲಿ ಎರಡು ವರ್ಷ ದೋಸೆಕಲ್ಲಿನ ಮುಂದೆ ನಿಂತು, ಇದೂ ಕಲ್ಲೇ ಎಂದು ಸಮಾಧಾನ ಮಾಡಿಕೊಂಡು, ಕೊನೆಗೆ ಅವರ ಕೈಕೆಳಗೆ ಸೇರಿದೆ.

೨೦೦೧ರ ಬೇಸಿಗೆ. ಕಿಂಗ್ಸ್‌ಬರಿಯ ಹತ್ತಿರ ಐರಿಷ್ ಹಿರಿಯರು ಸೇರುವ ಒಂದು ಹಾಲ್ ಇತ್ತು. ಅದರ ಹಿಂದಿನ ಹುಲ್ಲಿನಲ್ಲಿ, ತಮ್ಮ ಊರಿನಲ್ಲಿದ್ದಂಥ ಜೇನುಗೂಡಿನ ಆಕಾರದ ಕಲ್ಲಿನ ಗುಡಿಸಲೊಂದನ್ನು ಕಟ್ಟಬೇಕೆಂದು ಡೊನಾಲರ ಹಟ. ಸಿಮೆಂಟಿಲ್ಲ, ಮಣ್ಣಿಲ್ಲ, ಮರದ ಆಧಾರವೂ ಇಲ್ಲ. ಚಪ್ಪಟೆ ಕಲ್ಲುಗಳನ್ನು ಸುತ್ತಲೂ ಇಡುತ್ತಾ, ಪ್ರತಿ ಸಾಲೂ ಕೆಳಗಿನದಕ್ಕಿಂತ ಎರಡು ಬೆರಳು ಒಳಗೆ ಚಾಚುತ್ತಾ, ನೆತ್ತಿಯನ್ನು ಒಂದೇ ಕಲ್ಲಿನಿಂದ ಮುಚ್ಚುವುದು. "ಕಲ್ಲಿಗೆ ಉದ್ದ ಬಾಲ ಇರಬೇಕು. ಆ ಬಾಲ ಗೋಡೆಯೊಳಗೆ ಹೋಗಬೇಕು. ಬಾಲದ ಮೇಲೆ ಭಾರ ಕೂತರೆ ಮೂತಿ ಬೀಳೋದಿಲ್ಲ," ಎಂದು ಮೊದಲ ದಿನವೇ ಹೇಳಿದ್ದರು.

ನಡುವೆ ಮೂರು ದಿನ ಎದೆನೋವಿಗೆ ಅವರು ಆಸ್ಪತ್ರೆ ಸೇರಿದರು. ನಮ್ಮೂರಲ್ಲಿ ಮುರಕಲ್ಲನ್ನು ಗೋಡೆಯುದ್ದಕ್ಕೆ ಮಲಗಿಸುತ್ತೇವೆ. ಮುಖ ಚಂದ ಕಾಣುತ್ತದೆ, ಉಳಿದದ್ದನ್ನು ಗಾರೆ ನೋಡಿಕೊಳ್ಳುತ್ತದೆ. ಮೂರು ಸಾಲು ನಾನು ಹಾಗೇ ಮಲಗಿಸಿದೆ. ಇಲ್ಲಿ ಗಾರೆಯಿಲ್ಲವೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಡೊನಾಲ್ ಬರುವಷ್ಟರಲ್ಲಿ ಮೇಲೆ ಬಾಲವಿದ್ದ ಒಂದು ಸಾಲು ಕೂತು ಅವನ್ನು ಮುಚ್ಚಿತ್ತು. ಅವರು ಗೋಡೆಯನ್ನು ಸವರಿ, "ಆಹಾ, ಮೇಸ್ತ್ರಿ," ಅಂದರು. ನಾನು ಅವರಿಗೆ ಕಲಿಸಿದ್ದ ಒಂದೇ ಕನ್ನಡ ಪದ ಅದು.

ನೆತ್ತಿ ಮುಚ್ಚುವ ಹಿಂದಿನ ದಿನ, ಸಂದಿಗೆ ತುರುಕಿದ್ದ ಒಂದು ಚಕ್ಕೆಕಲ್ಲು ಒಳಗೆ ನೆಲದ ಮೇಲೆ ಬಿದ್ದಿತ್ತು. ಮತ್ತೆ ತುರುಕಿದೆ. ಮಧ್ಯಾಹ್ನ ಇನ್ನೆರಡು. ಗೋಡೆ ಒಳಕ್ಕೆ ವಾಲುತ್ತಿದೆಯೆಂದು ಅರ್ಥವಾಯಿತು. ಬಾಯಿ ಬಿಡಲಿಲ್ಲ. ಬಿಟ್ಟರೆ ಮೇಸ್ತ್ರಿ ಹೋಗಿ ಏಳನೇ ತರಗತಿಯವನು ಉಳಿಯುತ್ತಾನಲ್ಲ. ಅದರ ಮೇಲೆ ಡೊನಾಲ್ ಮನೆತನದ ರೂಢಿ ಬೇರೆ: ನೆತ್ತಿಕಲ್ಲು ಇಡುವಾಗ ಕಟ್ಟಿದವರಲ್ಲಿ ಒಬ್ಬ ಒಳಗೆ ಕುಳಿತಿರಬೇಕು. ತಾನೇ ಕೂರುವುದೆಂದು ಅವರು ಆಗಲೇ ಸಾರಿಬಿಟ್ಟಿದ್ದರು.

ಸಂಜೆ ಹೆಂಡತಿ, "ಹೋಯ್, ಎಂತ ಆಯ್ತ್ ನಿಮ್ಗೆ? ಬಂಗ್ಡಿ ಮೀನ್ ಮುಟ್ಲೇ ಇಲ್ಲ," ಅಂದಳು. ಹೇಳಿದೆ. ಅವಳು ತಟ್ಟೆಯನ್ನು ಎಳೆದುಕೊಂಡಳು. "ಆ ಅಜ್ಜಯ್ಯ ಒಳ್ಗ್ ಕೂಕಂತ್ರ್ ಅಂತ್ರಿ, ಮತ್ತೆ ಬಾಯ್ ಮುಚ್ಕಂಡ್ ಇರ್ತ್ರಿಯಾ? ಕಲ್ಲಿಗೆ ನಿಮ್ಮ್ ಮರ್ಯಾದಿ ಗೊತ್ತಿತ್ತಾ?"

ಆದರೂ ಮರುದಿನ ಶನಿವಾರ ಬೆಳಿಗ್ಗೆ ನಾನು ಏಣಿ ಹತ್ತಿದೆ. ಕೆಳಗೆ ಮೂವತ್ತು ಜನ ಟೀ ಹಿಡಿದು ನಿಂತಿದ್ದರು. ನೆತ್ತಿಯ ತೂತಿನಲ್ಲಿ ಡೊನಾಲರ ಬೋಳುತಲೆ ಕಾಣುತ್ತಿತ್ತು; ಸ್ಟೂಲಿನ ಮೇಲೆ ಮದುಮಗನಂತೆ ಕುಳಿತಿದ್ದರು. ಅವರ ಬೂಟಿನ ಪಕ್ಕ ಒಂದು ಚಕ್ಕೆ ಟಕ್ಕೆಂದು ಬಿತ್ತು.

"ಇಡು, ಮೇಸ್ತ್ರಿ."

"ಹೊರಗೆ ಬನ್ನಿ."

"ಯಾಕೆ?"

"ಮೂರು ಸಾಲಿಗೆ ಬಾಲ ಇಲ್ಲ. ನಾನೇ ಇಟ್ಟದ್ದು. ನಿನ್ನೆಯೇ ಗೊತ್ತಾಗಿತ್ತು, ಹೇಳಲಿಲ್ಲ."

"ನಾನು ಆಸ್ಪತ್ರೆಯಲ್ಲಿದ್ದಾಗ?" ಎಂದು ಕೇಳಿದರು. ಹೌದೆಂದೆ. "ನೋಡೋಕೆ ಚೆನ್ನಾಗಿತ್ತು," ಅಂದರು. ಆಮೇಲೆ ಮೊಣಕಾಲೂರಿ, ತಗ್ಗು ಬಾಗಿಲಿನಿಂದ ನಿಧಾನಕ್ಕೆ ತೆವಳಿ ಹೊರಬಂದರು. ಅವರ ಬೆನ್ನು ಗೋಡೆಗೆ ತಾಗದಿರಲೆಂದು ನಾನು ಉಸಿರು ಬಿಗಿಹಿಡಿದಿದ್ದೆ. ಗುಂಪಿನಲ್ಲಿದ್ದ ಮುದುಕನೊಬ್ಬ, "ಡೊನಾಲ್, ಬಟ್ಟೆ ಇಸ್ತ್ರಿ ಮಾಡ್ಕೊಂಡು ಬಂದಿದ್ದೆವಲ್ಲೋ," ಅಂದ.

ಅಂದೇ ಕೆಡವತೊಡಗಿದೆವು. ಬಾಲವಿಲ್ಲದ ಒಂದು ಕಲ್ಲನ್ನು ಎತ್ತಿದಾಗ ಪಕ್ಕದ ನಾಲ್ಕು ತಾವಾಗಿಯೇ ಒಳಗೆ ಉರುಳಿ, ಅಲ್ಲೇ ಬಿಟ್ಟಿದ್ದ ಸ್ಟೂಲಿನ ಕಾಲು ಮುರಿಯಿತು. ಡೊನಾಲ್ ಸ್ಟೂಲನ್ನು ಎತ್ತಿ ನನ್ನ ಕೈಗೆ ಕೊಟ್ಟರು.

ಮತ್ತೆ ಕಟ್ಟಲು ಐದು ವಾರ ಹಿಡಿಯಿತು. ಅವರು ಕುರ್ಚಿ ಹಾಕಿಕೊಂಡು ಪ್ರತಿ ಕಲ್ಲಿಗೂ "ಬಾಲ ತೋರಿಸು" ಅನ್ನುತ್ತಿದ್ದರು. ಅದುವರೆಗೆ ನನ್ನನ್ನು ಹಾಗೆ ಕೇಳಿದವರಲ್ಲ, ಶಿಕ್ಷೆಯೆಂದರೆ ಅದೇ. ಕೊನೆಯ ದಿನ, "ಈ ಸಲ ಒಳಗೆ ನೀನು," ಅಂದು, ಇಬ್ಬರು ಹಿಡಿದ ಏಣಿಯ ಮೇಲೆ ಏದುಸಿರು ಬಿಡುತ್ತಾ ತಾವೇ ನೆತ್ತಿಕಲ್ಲು ಸರಿಸಿದರು. ತಲೆಯ ಮೇಲಿನ ಬೆಳಕು ತಟ್ಟೆಯಷ್ಟಾಯಿತು, ಗೆರೆಯಷ್ಟಾಯಿತು, ಹೋಯಿತು. ಚಕ್ಕೆ ಬೀಳುವ ಸದ್ದಿಗೆ ಕಾದೆ. ಬೀಳಲಿಲ್ಲ. "ಮೇಸ್ತ್ರಿ, ಇದ್ದೀಯಾ?" ಎಂದು ಮೇಲಿನಿಂದ ಕೇಳಿತು.

ಇವತ್ತು ಬೆಳಿಗ್ಗೆ ಮಗಳ ಪುಸ್ತಕಗಳ ಹಿಂಬದಿಗೆ ಬಗ್ಗಿ ನೋಡಿದೆ. ಬಾಲದ ಮೇಲೆ ದಪ್ಪನೆಯ ನಿಘಂಟೊಂದು ಕೂತಿತ್ತು. ಕೈ ತೆಗೆದೆ.

ಈಗ ನನಗಿರುವುದು ಲಂಡನ್ನಿನ ಹೇಸ್‌ನಲ್ಲಿ ಒಂದು ಮನೆ, ಒಂದು ವ್ಯಾನು, ಹೆಂಡತಿ, ಓದುವ ಒಬ್ಬಳು ಮಗಳು, ಡೊನಾಲ್ ಬಿಟ್ಟುಹೋದ ಒಂದು ಸುತ್ತಿಗೆ, ಮತ್ತೆ ಮೂರು ಕಾಲಿನ ಒಂದು ಸ್ಟೂಲು.