ಮದರಸಾಬನ ರಟ್ಟೆನೋವಿನ ಗುಳಿಗೆ

ಹುಬ್ಬಳ್ಳಿಯ ಆ ಹೃದಯದ ಡಾಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬೇರೆ ನೋವಿನ ಗುಳಿಗೆ ನುಂಗಬಾರದು ಅಂತ ಚೀಟಿಯ ಕೆಳಗೆ ಬರೆದಿದ್ದರಂತೆ. ಇಂಗ್ಲಿಷಿನಲ್ಲಿ! ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಮದರಸಾಬ ಶಾಲೆಯ ಕಟ್ಟೆಯನ್ನೇ ಹತ್ತಿದವನಲ್ಲ. ಬಾಯಲ್ಲಿ ಒಂದು ಮಾತು ಹೇಳಿದ್ದರೆ ಅವರದೇನು ಹೋಗುತ್ತಿತ್ತು?

ಮದರಸಾಬ ರೋಣದ ಪಿಂಜಾರ. ಬಿಲ್ಲು ಹೊತ್ತು ಯಾವಗಲ್, ಮುಶಿಗೇರಿ ಅಂತ ಊರೂರು ತಿರುಗಿ ಹಳೆಯ ಗಾದಿಗಳ ಅರಳೆ ಹಿಂಜುತ್ತಿದ್ದ. ನನ್ನ ಟೆಂಪೋದಲ್ಲೇ ಅವನ ಓಡಾಟ. ನನ್ನ ಹೆಂಡತಿ ಮಹೇಶ್ವರಿಯ ಹೆರಿಗೆ ಕಷ್ಟವಾದಾಗ ಗದಗಿನಲ್ಲಿ ಒಂದು ಬಾಟಲಿ ರಕ್ತ ಕೊಟ್ಟವನು ಅವನೇ.

"ನಿನಗ ಬೇಕಾದಾಗ ನಾ ಕೊಡತೀನಿ," ಅಂದಿದ್ದೆ.

"ನಿನ್ನ ರಕ್ತ ಬ್ಯಾಡಪಾ, ನಿನ್ನ ಸಿಟ್ಟೂ ನನಗ ಬಂದೀತು," ಅಂತ ನಕ್ಕಿದ್ದ.

೨೦೦೬ರಲ್ಲಿ ಹುಬ್ಬಳ್ಳಿಯಲ್ಲಿ ಅವನ ಹೃದಯದ ನಾಳದಲ್ಲಿ ಸ್ಪ್ರಿಂಗು ಕೂರಿಸಿದರು. ರಕ್ತ ಹೆಪ್ಪುಗಟ್ಟದಂತೆ ಎರಡು ಥರದ ಗುಳಿಗೆ ಕೊಟ್ಟರು. ಎರಡು ತಿಂಗಳಿಗೆ ಮತ್ತೆ ಬಿಲ್ಲು ಹಿಡಿದ. ರಟ್ಟೆ ಬಾತಿತು.

"ಎದಿಗೆ ಸ್ಪ್ರಿಂಗ್ ಹಾಕ್ಸಿದಿ, ರಟ್ಟಿಗೂ ಒಂದು ಹಾಕ್ಸೋ ಮಾರಾಯಾ!" ಅಂತ ನಾನು ಚೇಷ್ಟೆ ಮಾಡಿದೆ.

ಅಂಗಡಿಯಿಂದ ನೋವಿನ ಗುಳಿಗೆ ತಂದು ಕೊಟ್ಟವನು ನಾನೇ. ಹಿಂಜುವ ದಿನ ಮೂರು ಮೂರು ನುಂಗುತ್ತಿದ್ದ. ಮೈಮೇಲೆ ನೀಲಿ ಕಲೆ ಎದ್ದವು, ಒಸಡಿನಿಂದ ರಕ್ತ ಬಂತು. ಅವನ ಹೆಂಡತಿ ಜುಲೇಖಾ ದವಾಖಾನೆಗೆ ಹೋಗೋಣ ಅಂದರೆ, "ಬಿಲ್ಲು ತಾಗೇತಿ, ಸುಮ್ನಿರು," ಅಂದ.

ಒಂದು ಮಧ್ಯಾಹ್ನ ಹಿಂಜಿದ ಅರಳೆಯ ಮೇಲೇ ಕುಸಿದ. ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿದ್ದವು. ಹುಬ್ಬಳ್ಳಿಗೆ ಟೆಂಪೋ ಓಡಿಸಿದೆ.

ಅದೇ ಡಾಕ್ಟರು ಹೊರಗೆ ಬಂದರು. "ಹೃದಯದ ಸುತ್ತ ಇರೋ ಚೀಲದಾಗ ರಕ್ತ ತುಂಬೇತಿ. ಹೃದಯಕ್ಕ ಬಡಕೊಳ್ಳಾಕ ಜಾಗಾ ಇಲ್ಲ. ಬ್ಯಾರೆ ಏನರ ಗುಳಿಗಿ ತಗೋತಿದ್ನೇನು?"

"ಇಲ್ರಿ," ಅಂದೆ. ಹೃದಯದ ಡಾಕ್ಟರಿಗೆ ರಟ್ಟೆಯ ಗುಳಿಗೆ ಯಾಕೆ ಅಂದುಕೊಂಡೆ.

ಹಿಂದಿನಿಂದ ಜುಲೇಖಾ, "ರಟ್ಟಿ ಗುಳಿಗಿ ಹೇಳ್ರಿ ಅಣ್ಣಾ," ಅಂದಳು.

"ನಡುವ ಬಾಯಿ ಹಾಕಬ್ಯಾಡವಾ!" ಅಂತ ಗದರಿದೆ. ಅವಳು ಸೆರಗು ಕಚ್ಚಿ ಹಿಂದೆ ಸರಿದಳು.

ಸೂಜಿ ಚುಚ್ಚಿ ರಕ್ತ ತೆಗೆದರು. ಮತ್ತೆ ತುಂಬಿತು. ಮತ್ತೆ ತೆಗೆದರು. ಅರ್ಧ ತಾಸಿನ ಮೇಲೆ ನಾನೇ ಹೋಗಿ ರಟ್ಟೆಯ ಗುಳಿಗೆಯ ವಿಷಯ ಹೇಳಿದೆ.

"ಅದಕ್ಕ ರಕ್ತ ನಿಲ್ಲವಲ್ದು! ಇದನ್ನ ಈಗ ಹೇಳತೀಯೇನು?" ಡಾಕ್ಟರು ಅಷ್ಟೇ ಅಂದು ಒಳಗೆ ಓಡಿದರು.

ರಕ್ತ ಬೇಕು ಅಂದಾಗ ಎಲ್ಲರಿಗಿಂತ ಮೊದಲು ತೋಳು ಚಾಚಿದೆ. ಅರ್ಧ ಬಾಟಲಿ ತುಂಬಿರಲಿಲ್ಲ, ಹೊರಗೆ ಜುಲೇಖಾ ಗೋಳಿಟ್ಟಿದ್ದು ಕೇಳಿಸಿತು. ಸೂಜಿ ಹಾಕಿದ್ದ ನರ್ಸಬಾಯಿ ನನ್ನ ಮುಖ ನೋಡಿದಳು. "ತುಂಬಿಸವಾ," ಅಂದೆ.

ಆ ರಕ್ತ ಆಮೇಲೆ ಯಾರಿಗೆ ಹೋಯಿತೋ. ಮದರಸಾಬನಿಗಂತೂ ಮುಟ್ಟಲಿಲ್ಲ.