ಗಂಗಿ ತಿಂದ ಗೋಡೆ

ಒಣಗಿದ ಮಣ್ಣಿನ ಗೋಡೆಗೆ ನೀರು ಚಿಮುಕಿಸಿದರೆ ಒಂದು ವಾಸನೆ ಏಳುತ್ತದಲ್ಲ, ಅದು ಎಲ್ಲರಿಗೂ ಹಿತವೇ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಹೊರಗಿನಿಂದ ಕದದ ಕೊಂಡಿ ಬಿದ್ದ ಸದ್ದು ಕೇಳುತ್ತದೆ. ಬಸವಕಲ್ಯಾಣ ದಾಟಿ ನಾರಾಯಣಪುರದ ದಾರಿಗೆ ಬಿದ್ದರೆ ಎಡಕ್ಕೆ ನಮ್ಮ ಮನೆ ಇತ್ತು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಒಂದು ಕಂಬ, ತಲೆಯ ಮೇಲೆ ಅಂಗೈಯಗಲದ ಬೆಳಕಿಂಡಿ. ಒಳಗೆಲ್ಲ ಪುಂಡಿ ನಾರಿನ ಹಸಿ ಘಾಟು, ಏಕೆಂದರೆ ಹೊಲದ ಕೆಲಸ ಇಲ್ಲದ ದಿನ ಅಪ್ಪ ಒಕ್ಕಲುತನದವರಿಗೆ ಹಗ್ಗ, ಮೂಗುದಾರ, ದನಗಳ ಬಾಯಿಕುಕ್ಕೆ ಮಾಡಿಕೊಡುತ್ತಿದ್ದ. ಹಬ್ಬ ಬಂತೆಂದರೆ ಅವ್ವ ಗೋಡೆಗೆ ಬಿಳಿಮಣ್ಣು ಸಾರಿಸುತ್ತಿದ್ದಳು. ಕಂಬದ ಹಿಂದೆ, ನೆಲದಿಂದ ಎರಡು ಮೊಳ ಮೇಲೆ, ಆ ಬಿಳುಪಿನಲ್ಲಿ ಒಂದು ತಗ್ಗು. ಎಷ್ಟು ಸಲ ಮೆತ್ತಿದರೂ ಅದು ಮತ್ತೆ ಬೀಳುತ್ತಿತ್ತು. ಅದನ್ನು ತಿಂದವಳು ನನ್ನ ತಂಗಿ ಗಂಗಿ.

ಅವಳಿಗಾಗ ಐದು ವರ್ಷವಿದ್ದೀತು. ಉಗುರಿನಿಂದ ಗೋಡೆ ಕೆರೆದು, ಆ ಪುಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಒಲೆಯ ಬೂದಿ, ಇದ್ದಿಲು, ನನ್ನ ಸಾಲೆಯ ಬಳಪ, ಯಾವುದನ್ನೂ ಬಿಡಲಿಲ್ಲ. ಹೊಡೆದರು. ಕೈಗೆ ಬೇವಿನ ರಸ ಹಚ್ಚಿದರು, ಅದನ್ನೂ ನೆಕ್ಕಿದಳು. ನಮ್ಮ ಆಯಿ, ಅಪ್ಪನ ತಾಯಿ, ಎಲ್ಲವನ್ನೂ ಅವ್ವನ ತಲೆಗೆ ಕಟ್ಟುತ್ತಿದ್ದಳು. "ಇದು ಹೊಟ್ಟ್ಯಾಗಿದ್ದಾಗ ನೀ ಗ್ವಾಡಿ ಕೆರಕೊಂಡು ತಿಂದಿ. ಈಗ ಮಗಳು ಮನೀನೇ ತಿನ್ನಾಕತ್ತಾಳ. ಮಾಳಗಿ ಬಿದ್ದ ಮ್ಯಾಲ ನಮಗ ಬಯಲೇ ಗತಿ!" ಅವ್ವ ತಗ್ಗಿಗೆ ಮತ್ತೆ ಮಣ್ಣು ಮೆತ್ತುತ್ತಿದ್ದಳು. ಬಸುರಿಯರು ಬಿಳಿಮಣ್ಣು ತಿನ್ನುವುದು ನಮ್ಮ ಕಡೆ ಹೊಸದಲ್ಲ. ಆಯಿಯೂ ತಿಂದವಳೇ ಇರಬೇಕು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ನಮ್ಮ ಸಾಲೆಗೆ ಕನ್ನಡ ಮಾಸ್ತರರು ಬಂದಿದ್ದರು, ನಾಲ್ಕನೇ ಇಯತ್ತೆಯಲ್ಲಿ ನಾನೇ ಮೊದಲು. ಅಷ್ಟರಲ್ಲಿ ಅಪ್ಪ ಸಾಲೆ ಬಿಡಿಸಿದ. ಅವನೂ ಅವ್ವನೂ ಕೂಲಿಗೆ ಹೋದರೆ ಗಂಗಿಯನ್ನು ಕಾಯುವವರು ಬೇಕಿತ್ತು, ಆಯಿಗೆ ಅವಳ ಹಿಂದೆ ಓಡಲಾಗುತ್ತಿರಲಿಲ್ಲ. ಹೊರಗಿನ ಮಣ್ಣಿಗೆ ಓಡಬಾರದೆಂದು ನಮ್ಮಿಬ್ಬರನ್ನೂ ಒಳಗಿಟ್ಟು ಕದಕ್ಕೆ ಕೊಂಡಿ ಹಾಕುತ್ತಿದ್ದರು. ಅವಳ ಸೊಂಟದ ಹಗ್ಗ ಕಂಬಕ್ಕೆ. ನನಗೆ ಹಗ್ಗವಿರಲಿಲ್ಲ, ಇದ್ದರೂ ಬೇರೆಯಾಗುತ್ತಿರಲಿಲ್ಲ. ಬೆಳಕಿಂಡಿಯ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಸಾಲೆಯ ಗಂಟೆ ಕೇಳಿದಾಗಲೆಲ್ಲ ನನಗೆ ಗಂಗಿಯ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಒಂದು ದಿನ ಅಪ್ಪ ನಾರಿನ ಸಿವುಡು ನನ್ನ ಮುಂದೆ ಹಾಕಿದ. "ಮಣ್ಣು ತಿನ್ನೋ ಕರೂಗ ಏನ್ ಮಾಡ್ತೀವಿ? ಬಾಯಿಕುಕ್ಕಿ ಕಟ್ತೀವಿ. ಇಕೀಗೂ ಅದೇ. ನೀನೇ ಹೆಣಿ, ನನ್ನ ಕೈ ಒರಟು." ನಾನು ನಾರನ್ನು ನೆನೆಸಿ, ಬಡಿದು, ನೂಲಿನಷ್ಟು ಸಣ್ಣಗೆ ಹೊಸೆದೆ. ಎರಡು ದಿನ ಹಿಡಿಯಿತು. ಹೆಣಿಗೆಯ ಕಣ್ಣು ಕಣ್ಣೂ ಒಂದೇ ಅಳತೆ. ಅಪ್ಪ ಬೆಳಕಿಗೆ ಹಿಡಿದು ನೋಡಿ, "ಭೇಷ್ ಮಗನೇ, ಕೈ ಕುಂತದ ನಿಂದು" ಅಂದ. ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ಹಿಗ್ಗಿನಲ್ಲೇ ಗಂಗಿಯ ಬಾಯಿಗೆ ನಾನೇ ಕಟ್ಟಿದೆ. ಹೆಣಿಗೆಯ ಒಳಗಿನಿಂದ ಅವಳು, "ಅಣ್ಣಾ, ಬಿಚ್ಚೋ. ತಿನ್ನಂಗಿಲ್ಲ, ಬರೇ ವಾಸನಿ ನೋಡ್ತೀನಿ" ಅನ್ನುತ್ತಿದ್ದಳು. ಒಂದು ದಿನ ಸಾಲೆಯ ಗಂಟೆ ಕೇಳಿದ ಹೊತ್ತಿಗೇ ಹಾಗೆ ಅಂದಾಗ, ಹಿಂದಲೆಯಲ್ಲಿ ಇನ್ನೊಂದು ಗಂಟು ಬಿಗಿದೆ.

ಆ ಮಧ್ಯಾಹ್ನವೇ ಕಂಬಕ್ಕೆ ಒರಗಿದವಳು ಹಾಗೇ ಜಾರಿದಳು. ತುಟಿ ಗೋಡೆಯಷ್ಟು ಬೆಳ್ಳಗೆ. ಕದ ಬಡಿದೆ, ಕೂಗಿದೆ. ಹೊರಗೆ ಕಟ್ಟೆಯ ಮೇಲಿದ್ದ ಆಯಿಗೆ ಕಿವಿ ಮಂದ. ಕುಕ್ಕೆ ಬಿಚ್ಚಲು ಹೋದರೆ ನಾನೇ ಬಿಗಿದ ಗಂಟು ಜಗ್ಗಲಿಲ್ಲ. ಉಗುರು ಕಿತ್ತು ಬಂತು. ಕೊನೆಗೆ ಹಲ್ಲಿನಿಂದ ಕಡಿದು ಕಡಿದು ಸಡಿಲಿಸಿದೆ. ಆಯಿ ಬಂದು ಕೊಂಡಿ ತೆಗೆಯುವ ಹೊತ್ತಿಗೆ ಗಂಗಿ ಕಣ್ಣು ತೆರೆದಿದ್ದಳು, ನನ್ನ ಬಾಯಲ್ಲಿ ನಾರಿತ್ತು.

ಮರುದಿನ ಮೋಟಾರಿನಲ್ಲಿ ಹುಮನಾಬಾದಿನ ದವಾಖಾನೆಗೆ ಹೋದೆವು. ಅಲ್ಲಿನ ನರ್ಸಬಾಯಿ ಗಂಗಿಯ ಗಲ್ಲ ಹಿಡಿದು ತಿರುಗಿಸಿದರು. "ಇದೇನವ್ವಾ, ಮಾರಿ ಮ್ಯಾಲ ಹೆಣಿಗಿ ಗುರ್ತು?"

ಅವ್ವ ನನ್ನನ್ನು ನೋಡಿದಳು. "ಹಗ್ಗದ ಮ್ಯಾಲ ಮಲಗಿತ್ರಿ" ಅಂದಳು.

ನರ್ಸಬಾಯಿ ನಂಬಲಿಲ್ಲ, ಬೈಯಲೂ ಇಲ್ಲ. ಕಣ್ಣಿನ ರೆಪ್ಪೆ ಎಳೆದು ತೋರಿಸಿದರು. "ಮೈಯಾಗ ರಕ್ತೇ ಇಲ್ಲ. ಹಟಕ್ಕ ತಿನ್ನಾಕತ್ತಿಲ್ಲ ಇದು. ಬಾಯಿ ಕಟ್ಟಬ್ಯಾಡ್ರಿ, ಕೈಗಿ ಕೆಲಸ ಕೊಡ್ರಿ, ಬಾಯಿಗಿ ಬೆಲ್ಲ ಪುಠಾಣಿ ಕೊಡ್ರಿ." ಜಂತಿನ ಔಷಧ, ರಕ್ತದ ಗುಳಿಗೆ ಕೊಟ್ಟು, ತಿಂಗಳಿಗೊಮ್ಮೆ ಬರಹೇಳಿದರು.

ಅಂದಿನಿಂದ ಕದಕ್ಕೆ ಕೊಂಡಿ ಬೀಳಲಿಲ್ಲ. ಅವಳ ಕೈ ಗೋಡೆಗೆ ಹೋದಾಗಲೆಲ್ಲ ನಾನು ಅದಕ್ಕೆ ನಾರಿನ ಎಳೆ ಕೊಡುತ್ತಿದ್ದೆ, ಬಾಯಿಗೆ ನಾಲ್ಕು ಕಾಳು ಪುಠಾಣಿ. ಇಬ್ಬರೂ ಕಟ್ಟೆಯ ಮೇಲೆ ಕೂತು ಹೊಸೆಯುತ್ತಿದ್ದೆವು. ಒಂದೊಂದು ದಿನ ಮರೆತು ಕೆರೆಯುತ್ತಿದ್ದಳು, ನಾನು ಕಂಡೂ ಸುಮ್ಮನಿರುತ್ತಿದ್ದೆ. ಮುಂದಿನ ಮಳೆಗಾಲದ ಹೊತ್ತಿಗೆ ತಗ್ಗು ಮೆತ್ತಿದ್ದು ಮೆತ್ತಿದಂತೆಯೇ ಉಳಿಯಿತು. ನಾನು ಸಾಲೆಗೆ ಮರಳಲಿಲ್ಲ. ಹಗ್ಗದಿಂದಲೇ ಬದುಕಿದೆ, ಯಾರ ಮುಂದೂ ಕೈಚಾಚಲಿಲ್ಲ. ಆದರೆ ಆ ಕುಕ್ಕೆಯನ್ನು ಸುಡಲು ಮನಸ್ಸಾಗಲಿಲ್ಲ. ಅಂಥ ಹೆಣಿಗೆ ನನ್ನ ಕೈಯಿಂದ ಮತ್ತೆ ಬರಲಿಲ್ಲ. ತೊಲೆಯ ಸಂದಿಯಲ್ಲಿ ಸಿಕ್ಕಿಸಿಟ್ಟೆ.

ಎಂಬತ್ತನೇ ಇಸವಿಯ ಆಚೆ ಆ ಮನೆಯನ್ನು ನಾನೇ ಕೆಡವಿದೆ. ಅಪ್ಪ, ಅವ್ವ, ಆಯಿ ಅಷ್ಟರಲ್ಲಿ ಹೋಗಿದ್ದರು. ಬೇಮಳಖೇಡಕ್ಕೆ ಕೊಟ್ಟಿದ್ದ ಗಂಗಿ ನೋಡಲು ಬಂದಿದ್ದಳು. ತೊಲೆ ಇಳಿಸುವಾಗ ಕುಕ್ಕೆ ಅವಳ ಕಾಲ ಬಳಿಯೇ ಬಿತ್ತು. ಎತ್ತಿ ಧೂಳು ಕೊಡವಿ, ಗಂಟನ್ನು ಬೆರಳಲ್ಲಿ ತಡವಿದಳು.

"ಹಲ್ಲಿನ ಗುರ್ತು ಅವಲ್ಲೋ ಅಣ್ಣಾ. ಕರು ಕಡದದೇನು?"

"ಹೂಂ" ಅಂದೆ.

"ನಮ್ಮ ಆಕಳು ಈದದ. ಕರು ಮಣ್ಣು ತಿನ್ನಾಕತ್ತದ. ಒಯ್ಯಲೇನು?"

ಒಯ್ದಳು. ಒಯ್ಯುವ ಮುಂಚೆ, ಬಿದ್ದ ಗೋಡೆಯ ಒಂದು ಬಿಳಿ ಹೆಂಟೆಯನ್ನು ಮೂಗಿಗೆ ಹಿಡಿದು ಅಲ್ಲೇ ಇಟ್ಟಳು. ಮುಂದೆ ಪಂಚಮಿಗೆ ಬಂದಾಗ ನಾನು ಕೇಳದೆಯೇ ಹೇಳಿದಳು. "ಹುಟ್ಟಿದ ಕರೂನ ಮೂತಿಗೂ ಸಾಲಲಿಲ್ಲೋ ಅಣ್ಣಾ ಅದು. ಒಲಿಗಿ ಹಾಕಿದೆ." ಹಾಗೆಂದು ನನ್ನ ತಟ್ಟೆಗೆ ಇನ್ನೊಂದು ಉಂಡಿ ಇಟ್ಟಳು.

ಆ ಕುಕ್ಕೆ ಯಾವ ಕರುವಿನದೆಂದು ಅವಳು ಕೇಳಲಿಲ್ಲ. ನಾನಾಗಿ ಹೇಳೋಣವೆಂದರೆ ಈಗ ಅವಳೂ ಇಲ್ಲ. ಹೊಸ ಮನೆಯ ಸಿಮೆಂಟಿನ ಗೋಡೆಗೆ ನೀರು ಹೊಡೆದರೆ ಆ ವಾಸನೆ ಏಳುವುದಿಲ್ಲ.